ವಕೀಲರ ಮೇಲೆ ದಾವೆ ಹಾಕಲಿಕ್ಕೂ ಒಂದು ವಾಯಿದೆ ಇದೆ

2023ರ ಆಗಸ್ಟ್ 17, ಗುರುವಾರ. ಬ್ಯಾಡಗಿಯಲ್ಲಿ ಮಾರ್ಕೆಟ್ ದಿನ. ಆದರೆ ಸೀಸನ್ ಅಲ್ಲ, ಹಾಗಾಗಿ ಅಂಗಡಿಯಲ್ಲಿ ಗದ್ದಲ ಇರಲಿಲ್ಲ. ಕೋಲ್ಡ್ ಸ್ಟೋರೇಜಿನಿಂದ ಬಂದ ನಾಲ್ಕು ಚೀಲ ಕಡ್ಡಿ ಮೆಣಸಿನಕಾಯಿ ಮೂಲೆಯಲ್ಲಿದ್ದವು. ಅಪ್ಪ ಊಟಕ್ಕೆ ಮನೆಗೆ ಹೋಗಿದ್ದರು. ನಾನು ಮೊಬೈಲಿನಲ್ಲಿ ಕೋರ್ಟ್ ಕೇಸಿನ ಸ್ಥಿತಿ ತೋರಿಸೋ ಇ-ಕೋರ್ಟ್ಸ್ ಆಪ್ ಹಾಕಿಕೊಂಡು, ಜಿಲ್ಲೆ ಹಾವೇರಿ ಅಂತ ಆರಿಸಿ, ಅಪ್ಪನ ಹೆಸರು ಹೊಡೆದು, ವರ್ಷ 2018 ಅಂತ ಒತ್ತಿದೆ.

'ಡಿಸ್ಪೋಸ್ಡ್' ಅಂತ ಬಂತು. ತಾರೀಖು 2022ರ ಆಗಸ್ಟ್ ತಿಂಗಳದ್ದು.

ನಮ್ಮ ಚೆಕ್ ಬೌನ್ಸ್ ಕೇಸು ಮುಗಿದು ಒಂದು ವರ್ಷ ಆಗಿತ್ತು. ನಮಗೆ ಗೊತ್ತೇ ಇರಲಿಲ್ಲ. ಆ ನಡುವೆ, 2022ರ ಡಿಸೆಂಬರ್ 6ಕ್ಕೆ, ನಾನೇ ವಕೀಲರಿಗೆ ವಾಟ್ಸಾಪ್ ಮಾಡಿ ಕೇಳಿದ್ದೆ. "ಚಾಲೂ ಐತಿ ತಂಗಿ, ಸ್ವಲ್ಪ ತಡ ಆಗ್ತದ, ಅಪ್ಪಾರಿಗೆ ಚಿಂತಿ ಮಾಡಬ್ಯಾಡ ಅನ್ನು" ಅಂತ ಉತ್ತರ ಬಂದಿತ್ತು. ಆ ಮೆಸೇಜ್ ಇವತ್ತಿಗೂ ನನ್ನ ಫೋನಿನಲ್ಲಿದೆ. ಕೋರ್ಟಿನ ಕಡತದಲ್ಲೂ ಇದೆ.

ಇದನ್ನ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ವಕೀಲರ ತಪ್ಪಿನಿಂದ ನಷ್ಟ ಆದರೆ ಅವರ ಮೇಲೆ ದಾವೆ ಹಾಕಬಹುದು ಅನ್ನೋದೇ ನಮ್ಮ ಕಡೆ ಎಷ್ಟೋ ಮಂದಿಗೆ ಗೊತ್ತಿಲ್ಲ. ಗೊತ್ತಿದ್ದವರಿಗೂ ಅದಕ್ಕೊಂದು ವಾಯಿದೆ (ಇಂತಿಷ್ಟು ಕಾಲದೊಳಗೆ ಹಾಕಬೇಕು ಅನ್ನೋ ಮಿತಿ) ಇದೆ, ನಾವು ಮರ್ಯಾದೆಗೆ ಅಂಜಿ ಸುಮ್ನೆ ಕೂತ ದಿನಗಳೂ ಅದರಲ್ಲಿ ಲೆಕ್ಕಕ್ಕೆ ಬರುತ್ತವೆ ಅನ್ನೋದು ಗೊತ್ತಿಲ್ಲ. ವಕೀಲರ ಹೆಸರು ಹಾಕುವುದಿಲ್ಲ. ದಾವೆ ಇನ್ನೂ ನಡೆದಿದೆ.

ನಮ್ಮದು ದಲಾಲಿ ಅಂಗಡಿ. ರೈತರು ತಂದ ಮೆಣಸಿನಕಾಯಿ ಮಾರಿಸಿಕೊಡೋದು ನಮ್ಮ ಕೆಲಸ. ಖರೀದಿದಾರ ದುಡ್ಡು ತಡ ಮಾಡಿದರೂ ರೈತನಿಗೆ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಮಾಡಿ ನಾವು ಕೊಟ್ಟುಬಿಡಬೇಕು. 2018ರ ಫೆಬ್ರವರಿ 12, ಸೋಮವಾರ, 40 ಕ್ವಿಂಟಲ್ ಹತ್ತಿರ ಮಾಲು ಒಬ್ಬ ಖರೀದಿದಾರನಿಗೆ ಹೋಯಿತು. 4,36,000 ರೂಪಾಯಿ ಬಾಕಿ. ರೈತರಿಗೆ ಅಪ್ಪ ಕೈಯಿಂದ ಕೊಟ್ಟಿದ್ದರು. ಆತ ಏಪ್ರಿಲ್ 9ರ ತಾರೀಖು ಹಾಕಿ ಚೆಕ್ ಕೊಟ್ಟ. ಏಪ್ರಿಲ್ 11ಕ್ಕೆ ಅದು ಖಾತೆಯಲ್ಲಿ ದುಡ್ಡಿಲ್ಲ ಅಂತ ವಾಪಸ್ ಬಂತು. ಬ್ಯಾಂಕಿನ ಮೆಮೋ ಅದೇ ದಿನ ಅಪ್ಪನ ಕೈಗೆ ಬಂತು. ಎರಡು ದಿನ ಬಿಟ್ಟು ಅಪ್ಪ ಆ ಚೆಕ್ಕು, ಮೆಮೋ ಎರಡನ್ನೂ ವಕೀಲರಿಗೆ ಕೊಟ್ಟು, ವಕಾಲತ್ತಿಗೆ ಸಹಿ ಹಾಕಿ, ಫೀ ಕೊಟ್ಟು ಬಂದರು.

ಚೆಕ್ ಬೌನ್ಸ್ ಕೇಸಿನಲ್ಲಿ ಎಲ್ಲವೂ ದಿನದ ಲೆಕ್ಕ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಚೆಕ್ ಕೊಟ್ಟವನಿಗೆ ನೋಟೀಸ್ ಹೋಗಬೇಕು. ನೋಟೀಸ್ ಮುಟ್ಟಿದ ಮೇಲೆ ಆತನಿಗೆ 15 ದಿನ. ಅಷ್ಟರಲ್ಲಿ ಕೊಡದಿದ್ದರೆ, ಮುಂದಿನ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ಫಿರ್ಯಾದು. ಫಿರ್ಯಾದು ತಡವಾದರೆ ಸರಿಯಾದ ಕಾರಣ ಹೇಳಿ ಮಾಫಿ ಕೇಳಬಹುದು. ನೋಟೀಸು ತಡವಾದರೆ ಮಾಫಿ ಇಲ್ಲ. ನಮ್ಮ ಲೆಕ್ಕದಲ್ಲಿ ಮೇ 11 ಕೊನೆಯ ದಿನ.

ನೋಟೀಸ್ ಹೋದದ್ದು ಮೇ 17ಕ್ಕೆ. ಮೂವತ್ತಾರನೇ ದಿನ.

ಆ ದಿನ ಅಪ್ಪನಿಗೆ ಚೆನ್ನಾಗಿ ನೆನಪಿದೆ. ಮೇ 12ಕ್ಕೆ ವಿಧಾನಸಭೆ ಮತದಾನ, 15ಕ್ಕೆ ಎಣಿಕೆ. 17ಕ್ಕೆ ಯಡಿಯೂರಪ್ಪನವರು ಪ್ರಮಾಣ ವಚನ ತಗೊಂಡರು. ಚಹಾದ ಅಂಗಡಿಯಲ್ಲಿ ಎಲ್ಲರೂ ಟಿವಿ ನೋಡುತ್ತಿದ್ದಾಗ ವಕೀಲರ ಫೋನ್ ಬಂತು. "ಯಜಮಾನ್ರ, ನೋಟೀಸ್ ಹಾಕೇವ್ರಿ. ಇಲೆಕ್ಷನ್ ಗದ್ದಲದಾಗ ಸ್ವಲ್ಪ ಹಿಂದ ಮುಂದ ಆತು." ಅಪ್ಪ "ಆತ್ ಬಿಡ್ರಿ ಸಾಹೇಬ್ರ" ಅಂದರಂತೆ. ಅವರಿಗೆ ಮೂವತ್ತು ದಿನದ ಲೆಕ್ಕ ಯಾರು ಹೇಳಿದ್ದರು?

ಕೇಸು ನಾಲ್ಕು ವರ್ಷ ನಡೆಯಿತು. 2019ರಲ್ಲಿ ಅಪ್ಪ ಸಾಕ್ಷಿ ಹೇಳಿ ಬಂದರು. ಆಮೇಲೆ ಕೊರೋನಾ. 2022ರ ಆಗಸ್ಟಿನಲ್ಲಿ ಆರೋಪಿ ಬಿಡುಗಡೆ ಆದ. ತೀರ್ಪಿನಲ್ಲಿ ಮುಖ್ಯ ಕಾರಣ ಒಂದೇ: ನೋಟೀಸ್ 30 ದಿನದೊಳಗೆ ಹೋಗಿಲ್ಲ.

ಫೈಲ್ ವಾಪಸ್ ಕೇಳಲಿಕ್ಕೆ ನಾನೇ ಹೋದೆ. "ಫೀ ಬಾಕಿ ಐತಿ, ಅದನ್ನ ಮುಗಿಸಿ ಒಯ್ರಿ" ಅಂದರು. ಫೀ ಬಾಕಿ ಇದೆ ಅಂತ ಕಕ್ಷಿದಾರನ ಕಾಗದಗಳನ್ನ ವಕೀಲರು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಅದು ನನಗೆ ಆಗ ಗೊತ್ತಿರಲಿಲ್ಲ. ಕೊಟ್ಟು ತಂದೆ.

ಮನೆಗೆ ಬಂದು ಫೈಲ್ ಬಿಚ್ಚಿದೆ. ಚೆಕ್ಕಿನ ಝೆರಾಕ್ಸ್, ಬ್ಯಾಂಕ್ ಮೆಮೋ, ನೋಟೀಸಿನ ಪ್ರತಿ. ಅದರ ಹಿಂದೆ ಪೋಸ್ಟ್ ಆಫೀಸಿನ ರಸೀದಿ ಪಿನ್ ಮಾಡಿತ್ತು. ಪಿನ್ನು ತುಕ್ಕು ಹಿಡಿದು ಕಾಗದದ ಮೇಲೆ ಕಂದು ಕಲೆ ಬಿದ್ದಿತ್ತು. ರಸೀದಿಯ ಮೇಲಿನ ಅಕ್ಷರ ಪೂರ್ತಿ ಮಾಸಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ 17 ಅನ್ನೋದು ಕಂಡಿತು. ಪಕ್ಕಕ್ಕೆ ಮೆಮೋ ಇಟ್ಟೆ. ಏಪ್ರಿಲ್ 11ರ ಸೀಲು ಮೊನ್ನೆ ಹೊಡೆದ ಹಾಗೆ ನೀಲಿಯಾಗಿ ಹೊಳೆಯುತ್ತಿತ್ತು. ಬೆರಳು ಮಡಚಿ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಆ ಎರಡು ಚೀಟಿ ಐದು ವರ್ಷ ಒಂದೇ ಫೈಲಿನಲ್ಲಿ ಇದ್ದವು. ಒಬ್ಬರಾದರೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು.

ನಮ್ಮೂರಿನಲ್ಲಿ, ಸುತ್ತಮುತ್ತ, ಮೂವರು ವಕೀಲರನ್ನ ಕೇಳಿದೆ. ಯಾರೂ ಒಪ್ಪಲಿಲ್ಲ. "ದಿನಾ ಬೆಳಗಾದ್ರ ಅವರ ಮುಖ ನೋಡಬೇಕು ನಾವು" ಅಂದರು ಒಬ್ಬರು. ಅವರ ಕಷ್ಟ ನನಗೆ ಅರ್ಥ ಆಗುತ್ತದೆ. ಕೋರ್ಟಿನ ಒಂದೇ ವಕೀಲರ ಕೊಠಡಿಯಲ್ಲಿ ಕೂತು ಚಹಾ ಕುಡಿಯೋರು ಪಕ್ಕದವರ ಮೇಲೆ ಹೇಗೆ ದಾವೆ ಬರೆದಾರು? ಆದರೆ ಹೀಗೆ ಅಲೆದಾಡಿದ್ದರಲ್ಲಿ ನಮ್ಮ ನಾಲ್ಕು ತಿಂಗಳು ಹೋಯಿತು. ಕೊನೆಗೆ ರೈಲು ಹತ್ತಿ ಹುಬ್ಬಳ್ಳಿ, ಅಲ್ಲಿಂದ ಧಾರವಾಡ. ಅಲ್ಲಿ ಒಬ್ಬ ಮೇಡಂ ಸಿಕ್ಕರು. ನಮ್ಮಮ್ಮನ ವಯಸ್ಸಿನವರು. ಕಾಗದ ಎಲ್ಲ ಓದಿದ ಮೇಲೆ ಕನ್ನಡಕ ತೆಗೆದಿಟ್ಟು ಒಂದು ಪ್ರಶ್ನೆ ಕೇಳಿದರು.

"ಮೇ 17ಕ್ಕೆ ಈ ಚೆಕ್ ಎಲ್ಲಿತ್ತವಾ?"

ಫೈಲಿನಲ್ಲೇ ಇತ್ತು ಅಂದೆ.

ಆಗ ಅವರು ಬಿಡಿಸಿ ಹೇಳಿದರು. ಚೆಕ್ಕಿಗೆ ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು ಜೀವ ಇರುತ್ತದೆ. ನಮ್ಮದು ಏಪ್ರಿಲ್ 9ರದ್ದು, ಅಂದರೆ ಜುಲೈ ಮೊದಲ ವಾರದ ತನಕ ಚಾಲ್ತಿ. ಮೊದಲ ನೋಟೀಸ್ ತಪ್ಪಿದರೂ ಅದೇ ಚೆಕ್ಕನ್ನ ಮತ್ತೊಮ್ಮೆ ಬ್ಯಾಂಕಿಗೆ ಹಾಕಬಹುದಿತ್ತು. ಅದು ಮತ್ತೆ ಬೌನ್ಸ್ ಆದರೆ, ಆ ದಿನದಿಂದ ಹೊಸದಾಗಿ 30 ದಿನ. ಎರಡನೇ ಸಲ ಬೌನ್ಸ್ ಆದದ್ದರ ಮೇಲೂ ಕೇಸು ನಡೆಯುತ್ತದೆ ಅಂತ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು 2012ರಲ್ಲೇ ಹೇಳಿದ್ದರು. ಅಂದರೆ ತಪ್ಪು ಗೊತ್ತಾದ ಮೇಲೂ ಸರಿಮಾಡಿಕೊಳ್ಳಲಿಕ್ಕೆ ಏಳು ವಾರಕ್ಕಿಂತ ಜಾಸ್ತಿ ಸಮಯ ಇತ್ತು. ಬ್ಯಾಂಕಿಗೆ ಒಂದು ಸ್ಲಿಪ್ಪು ತುಂಬಿ ಹಾಕುವಷ್ಟೇ ಕೆಲಸ.

ಆರು ದಿನ ತಡವಾದದ್ದನ್ನ ನಾನು ಕ್ಷಮಿಸಿಬಿಡುತ್ತಿದ್ದೆ. ಇದನ್ನ ಕ್ಷಮಿಸಲಿಕ್ಕೆ ಆಗಿಲ್ಲ.

ಇನ್ನೊಂದು ದಾರಿಯೂ ಇತ್ತು. ಚೆಕ್ ಕೇಸು ಏನೇ ಆಗಲಿ, ಮಾರಿದ ಮಾಲಿನ ದುಡ್ಡಿಗೆ ಸಿವಿಲ್ ದಾವೆ ಬೇರೆ ಹಾಕಬಹುದು. ಮಾಲು ಕೊಟ್ಟ ದಿನದಿಂದ ಮೂರು ವರ್ಷ. ನಮ್ಮ ಲೆಕ್ಕಕ್ಕೆ 2021ರ ಫೆಬ್ರವರಿ 12. ಆದರೆ ಕೊರೋನಾ ಕಾರಣಕ್ಕೆ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರ ತನಕದ ಕಾಲವನ್ನ ವಾಯಿದೆ ಲೆಕ್ಕದಿಂದ ತೆಗೆದುಹಾಕಿತ್ತು. ಉಳಿದ ದಿನಗಳು 2022ರ ಮಾರ್ಚ್ 1ರಿಂದ ಮತ್ತೆ ಶುರು. ಮೇಡಂ ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸಿದರು. 335 ದಿನ. 2023ರ ಜನವರಿ ಕೊನೆಯ ತನಕ ಬಾಗಿಲು ತೆರೆದಿತ್ತು.

ಈಗ ಆ ವಾಟ್ಸಾಪ್ ಮೆಸೇಜಿನ ತಾರೀಖು ನೋಡಿ. 2022ರ ಡಿಸೆಂಬರ್ 6. ಆವತ್ತು "ಕೇಸು ಹೋತು, ಸಿವಿಲ್ ಹಾಕೂಣ" ಅಂತ ಒಂದು ಮಾತು ಹೇಳಿದ್ದರೆ ನಮಗೆ ಇನ್ನೂ ಏಳು ವಾರ ಇತ್ತು.

ಸರಿ, ವಕೀಲರ ಮೇಲಿನ ದಾವೆಯ ವಾಯಿದೆಗೆ ಬರುತ್ತೇನೆ. ನಿರ್ಲಕ್ಷ್ಯದಿಂದ ಕಕ್ಷಿದಾರನಿಗೆ ನಷ್ಟ ಮಾಡಿದರೆ ವಕೀಲರೂ ದಾವೆಗೆ ಗುರಿ ಆಗುತ್ತಾರೆ ಅಂತ ವಕೀಲರ ಫೀ ಬಗೆಗಿನ 1926ರ ಕಾಯ್ದೆಯಲ್ಲೇ ಇದೆ. ಕಾಲ ಎಷ್ಟು ಅನ್ನೋದು 1963ರ ಕಾಲಮಿತಿ ಕಾಯ್ದೆಯಲ್ಲಿ. ಅದರಲ್ಲಿ 'ವಕೀಲರ ತಪ್ಪು' ಅಂತ ಪ್ರತ್ಯೇಕ ಸಾಲು ಇಲ್ಲ. ಯಾವ ಸಾಲಿಗೆ ಸೇರಿಸಿದರೂ ಮೂರು ವರ್ಷವೇ. ಜಗಳ ಇರೋದು ಯಾವ ದಿನದಿಂದ ಎಣಿಸಬೇಕು ಅನ್ನೋದರಲ್ಲಿ. ವಕೀಲರನ್ನ ಕಕ್ಷಿದಾರನ ಏಜೆಂಟ್ ಅಂತ ಹಿಡಿದರೆ 4ನೇ ಆರ್ಟಿಕಲ್: ನಿರ್ಲಕ್ಷ್ಯ ನಮಗೆ ಗೊತ್ತಾದ ದಿನದಿಂದ ಎಣಿಕೆ. ಕರಾರು ಮುರಿದರು ಅಂತ ಹಿಡಿದರೆ 55ನೇದು: ಮುರಿದ ದಿನದಿಂದ. ಯಾವುದಕ್ಕೂ ಸೇರದಿದ್ದರೆ 113: ದಾವೆ ಹಾಕುವ ಹಕ್ಕು ಹುಟ್ಟಿದ ದಿನದಿಂದ. ನಾವು ಮೊದಲನೆಯದನ್ನ ಹೇಳುತ್ತೇವೆ. ಎದುರಿನವರು ಉಳಿದ ಎರಡನ್ನ ಹೇಳುತ್ತಾರೆ.

ಮುಚ್ಚಿಟ್ಟಿದ್ದರೆ? ಅದಕ್ಕೆ ಅದೇ ಕಾಯ್ದೆಯ 17ನೇ ಸೆಕ್ಷನ್ ಇದೆ. ಮೋಸದಿಂದ ವಿಷಯ ಮುಚ್ಚಿಟ್ಟಿದ್ದರೆ ಗೊತ್ತಾದ ದಿನದಿಂದ ವಾಯಿದೆ ಶುರು. ಆದರೆ ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ: ತಕ್ಕ ಎಚ್ಚರ ಇಟ್ಟಿದ್ದರೆ ಗೊತ್ತಾಗಬಹುದಾಗಿದ್ದ ದಿನದಿಂದ. ಇದು ನನ್ನನ್ನ ಬಹಳ ಕಾಡಿತು. ಕೇಸಿನ ಸ್ಥಿತಿ ಮೊಬೈಲಿನಲ್ಲೇ ಸಿಗುತ್ತಿತ್ತಲ್ಲ, ಇವರು ಯಾಕೆ ನೋಡಲಿಲ್ಲ ಅಂತ ಎದುರಿನವರು ಕೇಳೇ ಕೇಳುತ್ತಾರೆ. ಕೇಳಿದ್ದಾರೆ ಕೂಡ.

"ಹಂಗಾದ್ರ ನಾವು ಯಾವ ದಿನ ಹಿಡೀಬೇಕ್ರಿ ಮೇಡಂ?" ಅಂದೆ.

"ಎಲ್ಲಾ ತಾರೀಖೂ ಬರಿ. ಯಾವುದು ಮೊದಲ ಮುಗಿತೈತಿ, ಅದನ್ನ ನಿನ್ನ ತಾರೀಖು ಅಂತ ತಿಳಕೊ. ಉಳಿದದ್ದು ವಾದ ಮಾಡಾಕ ಇರ್ಲಿ" ಅಂದರು.

ಕಿರ್ದಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದೆ. ನೋಟೀಸ್ ತಪ್ಪಿದ ದಿನದಿಂದ ಎಣಿಸಿದರೆ, ಕೊರೋನಾ ಕಾಲ ಕಳೆದೂ, 2023ರ ಏಪ್ರಿಲಿಗೇ ಮುಗಿದಿತ್ತು. ನಮಗೆ ಗೊತ್ತಾಗೋ ಮೊದಲೇ. ತೀರ್ಪಿನಿಂದ ಎಣಿಸಿದರೆ 2025ರ ಆಗಸ್ಟ್. ಸಿವಿಲ್ ದಾವೆಯ ಬಾಗಿಲು ಮುಚ್ಚಿದ ದಿನದಿಂದ 2026ರ ಜನವರಿ. ಗೊತ್ತಾದ ದಿನದಿಂದ 2026ರ ಆಗಸ್ಟ್. ಹೋದದ್ದು ಹೋಯಿತು, 2025ರ ಆಗಸ್ಟನ್ನ ಮಾತ್ರ ದಾಟಬಾರದು ಅಂತ ಕೆಂಪು ಪೆನ್ನಿನಿಂದ ಸುತ್ತು ಹಾಕಿದೆ.

ಇಲ್ಲೊಂದು ವಿಷಯ ಗಟ್ಟಿಯಾಗಿ ಹೇಳಬೇಕು. ಅಪೀಲು ತಡವಾದರೆ ಕಾಲಮಿತಿ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ವಿಳಂಬ ಮನ್ನಾ ಕೇಳಬಹುದು. ವಕೀಲರ ತಪ್ಪಿಗೆ ಕಕ್ಷಿದಾರ ಶಿಕ್ಷೆ ಅನುಭವಿಸಬಾರದು ಅಂತ ಸುಪ್ರೀಂ ಕೋರ್ಟ್ 1981ರಲ್ಲಿ ಒಂದು ಕೇಸಿನಲ್ಲಿ ಹೇಳಿದ್ದೂ ಇದೆ. ಆದರೆ ಆ 5ನೇ ಸೆಕ್ಷನ್ ದಾವೆಗೆ ಇಲ್ಲವೇ ಇಲ್ಲ. ಮೂರು ವರ್ಷದ ಮೇಲೆ ಒಂದು ದಿನ ಆದರೂ, ಎದುರಿನವರು ಬಾಯಿ ಬಿಡದಿದ್ದರೂ, ಕೋರ್ಟು ತಾನಾಗಿಯೇ ದಾವೆ ವಜಾ ಮಾಡಬೇಕು. ಲೀಗಲ್ ನೋಟೀಸ್ ಕೊಟ್ಟಿದ್ದೇವೆ ಅಂತ ವಾಯಿದೆ ನಿಲ್ಲುವುದಿಲ್ಲ. ಬಾಯಿ ಮಾತಿಗೂ ನಿಲ್ಲುವುದಿಲ್ಲ. ಆ ಹಳೆಯ ವಕೀಲರು ಎರಡು ಸಲ ಅಪ್ಪನ ಮುಂದೆ, "ನೋಡೂಣು ಯಜಮಾನ್ರ, ದೀಪಾವಳಿ ಆಗ್ಲಿ, ಏನರ ಮಾಡೂಣು" ಅಂದಿದ್ದರು. ಆ ದೀಪಾವಳಿ ಹೋಯಿತು, ಯುಗಾದಿಯೂ ಹೋಯಿತು.

ಮಧ್ಯೆ ಗ್ರಾಹಕರ ಕೋರ್ಟಿನ ಮಾತೂ ಬಂತು. ಅಲ್ಲಿ ವಾಯಿದೆ ಎರಡು ವರ್ಷ. ಸೇವೆಗೆ ಕೊಟ್ಟ ದುಡ್ಡು ಐದು ಲಕ್ಷದ ಒಳಗಿದ್ದರೆ ದೂರಿಗೆ ಫೀ ಇಲ್ಲ. ಹುಬ್ಬಳ್ಳಿಯ ನಮ್ಮ ಮಾಮಾ ಬಹಳ ಒತ್ತಾಯ ಮಾಡಿದರು. ಕಾಗದ ಜೋಡಿಸುತ್ತಿದ್ದೆವು. ಅಷ್ಟರಲ್ಲಿ 2024ರ ಮೇ 14ಕ್ಕೆ ಸುಪ್ರೀಂ ಕೋರ್ಟಿನ ತೀರ್ಪು ಬಂತು. ನ್ಯಾಯಮೂರ್ತಿ ಬೇಲಾ ತ್ರಿವೇದಿ ಮತ್ತು ಪಂಕಜ್ ಮಿತ್ತಲ್ ಅವರ ಪೀಠ. ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಗೆ ಬರುವುದಿಲ್ಲ ಅಂದರು. ವಕೀಲ ಕಕ್ಷಿದಾರನ ಮಾತಿನಂತೆ ನಡೆಯಬೇಕಾದವನು, ಕೆಲಸದ ಮೇಲೆ ಕಕ್ಷಿದಾರನ ಹಿಡಿತ ಇರುತ್ತದೆ, ಹಾಗಾಗಿ ಅದು ವೈಯಕ್ತಿಕ ಸೇವೆಯ ಕರಾರು ಅನ್ನೋದು ಅವರ ತರ್ಕ. ಬ್ಯಾಡಗಿಯಲ್ಲಿ ಕೂತ ಎಪ್ಪತ್ತು ವರ್ಷದ ದಲಾಲರಿಗೆ ತಮ್ಮ ವಕೀಲರ ಮೇಲೆ ಎಂಥ ಹಿಡಿತ ಇರುತ್ತದೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅದನ್ನ ಮನಸ್ಸಿನಿಂದಲೇ ಹೇಳುತ್ತಿದ್ದೇನೆ. ಆದರೆ ಅದೇ ತೀರ್ಪಿನಲ್ಲಿ, ಸಾಮಾನ್ಯ ಸಿವಿಲ್ ಕೋರ್ಟಿನಲ್ಲಿ ವಕೀಲರ ಮೇಲೆ ನಿರ್ಲಕ್ಷ್ಯದ ದಾವೆ ಹಾಕಲಿಕ್ಕೆ ಅಡ್ಡಿ ಇಲ್ಲ ಅಂತಲೂ ಇದೆ. ಟಿವಿಯಲ್ಲಿ ಆ ಅರ್ಧ ಬರಲೇ ಇಲ್ಲ. "ವಕೀಲರ ಮೇಲೆ ಕೇಸಿಲ್ಲ" ಅಂತ ಓಡಿಸಿದರು. ಅಪ್ಪ ಅದನ್ನ ನೋಡಿ, ಮುಗೀತು ಬಿಡು ಅಂತ ಮಲಗಿಬಿಟ್ಟರು.

ಅಪ್ಪನನ್ನ ಒಪ್ಪಿಸೋದೇ ದೊಡ್ಡ ಕೆಲಸ ಆಯಿತು. "ನಿನ್ನ ಮದುವಿಗೆ ಬಂದು ಅಕ್ಕಿಕಾಳು ಹಾಕಿದವ್ರು ಅವರು. ಅವರ ಅನ್ನಕ್ಕ ಮಣ್ಣ ಹಾಕೂದು ಬ್ಯಾಡವ್ವ" ಅನ್ನೋರು.

"ಅಪ್ಪಾ, ಮಣ್ಣ ಬಿದ್ದಿದ್ದು ನಮ್ಮ ಅನ್ನಕ್ಕ" ಅಂದೆ. ಎರಡು ದಿನ ಮಾತಾಡಲಿಲ್ಲ ಅವರು.

ವಕೀಲರ ಶಿಸ್ತು ನೋಡೋ ಬಾರ್ ಕೌನ್ಸಿಲಿಗೆ ದೂರು ಕೊಡೋದು ಮಾತ್ರ ಬೇಡವೇ ಬೇಡ ಅಂದರು. ಅದಕ್ಕೆ ನಾನೂ ಒಪ್ಪಿದೆ. ಅಲ್ಲಿ ದುರ್ನಡತೆ ಸಾಬೀತಾದರೆ ಛೀಮಾರಿ ಹಾಕಬಹುದು, ಕೆಲ ಕಾಲ ವಕೀಲಿಕೆಯ ಸನ್ನದು ತಡೆಹಿಡಿಯಬಹುದು, ಹೆಸರನ್ನೇ ತೆಗೆಯಬಹುದು. ನಮಗೆ ಆದ ನಷ್ಟ ತುಂಬಿಕೊಡೋ ಜಾಗ ಅದಲ್ಲ. ಅಲ್ಲಿ ದೂರು ಕೊಟ್ಟು ಕಾಯುತ್ತಾ ಕೂತರೂ ಇಲ್ಲಿ ಮೂರು ವರ್ಷ ಓಡುತ್ತಲೇ ಇರುತ್ತದೆ.

ಆಮೇಲೆ ಒಂದು ರಾತ್ರಿ ಅಪ್ಪನೇ ಕೇಳಿದರು: "ದಾವೆ ನಡಿಯೂದ್ರಾಗ ನಾ ಹೋಗಿಬಿಟ್ರ?" ಮೇಡಂಗೆ ಫೋನ್ ಹಚ್ಚಿ ಕೊಟ್ಟೆ. 1988ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋಗಿದ್ದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆ ನೋಡಿದೆಯಂತೆ. ವಕೀಲರ ಮೇಲೆ ದಾವೆ ಹಾಕಿದವರು ತೀರಿಹೋಗಿದ್ದರು. ಬೇಡಿಕೆ ಆಸ್ತಿಪಾಸ್ತಿಗೆ ಆದ ನಷ್ಟದ್ದಾಗಿದ್ದರೆ ವಾರಸುದಾರರು ಮುಂದುವರಿಸಬಹುದು ಅಂತ ಹೇಳಿದೆ. ವಾರಸುದಾರರ ಹೆಸರು ಸೇರಿಸಲಿಕ್ಕೆ ಮತ್ತೆ 90 ದಿನದ ವಾಯಿದೆ. ಅಪ್ಪ ಫೋನ್ ಇಟ್ಟು, "ತೊಂಬತ್ತು ದಿನ ಅಂತ. ಬರಕೊ" ಅಂದರು. ಅವರು ಒಪ್ಪಿದ್ದು ಆವಾಗಲೇ ಅಂತ ನನಗೆ ಅನ್ನಿಸುತ್ತದೆ.

2024ರ ನವೆಂಬರಿನಲ್ಲಿ ದಾವೆ ಹಾಕಿದೆವು. ಎದುರಿನವರ ಕೈಫಿಯತ್ತು, ಅಂದರೆ ದಾವೆಗೆ ಅವರು ಬರೆದುಕೊಟ್ಟ ಉತ್ತರ, ಎರಡು ಮಾತಿನ ಮೇಲೆ ನಿಂತಿದೆ. 2018ರ ತಪ್ಪಿಗೆ ವಾಯಿದೆ ಮುಗಿದಿದೆ. "ನನ್ನ ವಕಾಲತ್ತು ಚೆಕ್ ಕೇಸಿಗೆ ಮಾತ್ರ, ಸಿವಿಲ್ ದಾವೆ ಹಾಕಿ ಅಂತ ಹೇಳೋದು ನನ್ನ ಕೆಲಸ ಅಲ್ಲ" ಅನ್ನೋದು ಇನ್ನೊಂದು. ಎರಡನೆಯದು ಸುಲಭದ ಪ್ರಶ್ನೆ ಅಲ್ಲ, ನಾನು ಒಪ್ಪುತ್ತೇನೆ. ನಮ್ಮ ಮೇಲಿನ ಭಾರವೂ ಸಣ್ಣದಲ್ಲ. ಕೇಸು ಸೋತಿತು ಅಂದ ಮಾತ್ರಕ್ಕೆ ವಕೀಲರ ತಪ್ಪು ಆಗುವುದಿಲ್ಲ. ನೋಟೀಸ್ ಸರಿಯಾಗಿ ಹೋಗಿದ್ದರೆ ನಮಗೆ ಆ ದುಡ್ಡು ಬರುತ್ತಿತ್ತು, ಆ ಖರೀದಿದಾರನ ಹತ್ತಿರ ಕೊಡೋ ತಾಕತ್ತು ಇತ್ತು ಅಂತ ನಾವೇ ತೋರಿಸಬೇಕು. ಒಂದು ಕೇಸಿನ ಹೊಟ್ಟೆಯಲ್ಲಿ ಇನ್ನೊಂದು ಕೇಸು ನಡೆಸಿದ ಹಾಗೆ. ಅದಕ್ಕೆ ಅಂತ 2018ರ ಪಟ್ಟಿಗಳು, ಆತ ಬೇರೆ ಅಂಗಡಿಗಳಿಗೆ ಅದೇ ವರ್ಷ ದುಡ್ಡು ಕೊಟ್ಟ ಲೆಕ್ಕ, ಎಲ್ಲ ಹುಡುಕಿ ತಂದಿದ್ದೇನೆ. ಮೂರು ಅಂಗಡಿಯವರು ತಮ್ಮ ಖಾತೆ ಪುಸ್ತಕ ಬಿಚ್ಚಿ ತೋರಿಸಿದರು. ಅವರ ಉಪಕಾರ ದೊಡ್ಡದು.

ಯಾರಾದರೂ ಇದೇ ಸ್ಥಿತಿಯಲ್ಲಿದ್ದರೆ, ಇವತ್ತೇ ಇ-ಕೋರ್ಟ್ಸ್ ಆಪಿನಲ್ಲಿ ನಿಮ್ಮ ಕೇಸು ಹುಡುಕಿ. ಆ ಕೇಸಿನ ಗುರುತಾದ 16 ಅಕ್ಷರದ ಸಿಎನ್ಆರ್ ನಂಬರ್ ಬರುತ್ತದೆ, ಬರೆದಿಟ್ಟುಕೊಳ್ಳಿ. ಮುಂದಿನ ತಾರೀಖು, ಹಿಂದಿನ ತಾರೀಖು ಏನಾಯಿತು, ಎಲ್ಲ ಕಾಣುತ್ತದೆ. ವಕೀಲರಿಗೆ ಕಾಗದ ಕೊಟ್ಟ ದಿನ ಯಾವುದು ಅಂತ ಒಂದು ಸಾಲು ಮೆಸೇಜ್ ಹಾಕಿ. ಅದಕ್ಕೆ ಯಾವ ಒಳ್ಳೆಯ ವಕೀಲರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಏನೋ ತಪ್ಪಾಗಿದೆ ಅನ್ನಿಸಿದರೆ ಮೊದಲು ತೀರ್ಪಿನ ನಕಲಿಗೆ ಅರ್ಜಿ ಹಾಕಿ. ಆಮೇಲೆ ಬೇರೆ ಊರಿನ ಒಬ್ಬ ವಕೀಲರಿಗೆ ತೋರಿಸಿ. ದುಡ್ಡಿನ ತೊಂದರೆ ಇದ್ದರೆ 15100 ಅನ್ನೋದು ಕಾನೂನು ಸೇವಾ ಪ್ರಾಧಿಕಾರದ ನಂಬರ್. ಹೆಣ್ಣುಮಕ್ಕಳಿಗೆ ಆದಾಯ ಕೇಳದೆ ಉಚಿತ ನೆರವು ಸಿಗುತ್ತದೆ.

ಹೋದ ತಿಂಗಳು ನಮ್ಮ ದಾವೆಯಲ್ಲಿ ವಿವಾದಾಂಶಗಳನ್ನ, ಅಂದರೆ ಕೋರ್ಟು ತೀರ್ಮಾನ ಮಾಡಬೇಕಾದ ಪ್ರಶ್ನೆಗಳನ್ನ, ಬರೆದಿದ್ದಾರೆ. ಮೊದಲನೆಯದೇ, ಈ ದಾವೆ ಕಾಲಮಿತಿಯೊಳಗೆ ಇದೆಯೇ ಅನ್ನೋದು. ಮುಂದಿನ ತಾರೀಖಿಗೆ ಅಪ್ಪನ ಸಾಕ್ಷಿ. ಆ ಪೋಸ್ಟ್ ರಸೀದಿ ಇನ್ನಷ್ಟು ಮಾಸುತ್ತದೆ ಅಂತ ಮೂರು ಪ್ರತಿ ಝೆರಾಕ್ಸ್ ಮಾಡಿಸಿಟ್ಟಿದ್ದೇನೆ. ನಿನ್ನೆ ಅಪ್ಪ ಒಂದು ಪ್ರತಿ ಇಸಿದುಕೊಂಡು ಮಡಚಿ, ಬ್ಯಾಂಕ್ ಮೆಮೋದ ಪ್ರತಿ ಜೊತೆ ತಮ್ಮ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು.